ಪುಟ ತೊಂಬತ್ತೆರಡು ಓದುವ ಮೊದಲು

ಅಕ್ಕಾ,

ಸೋಮವಾರ ನಮ್ಮ ಸಿಮೆಂಟ್ ಕಂಪನಿಯ ವಾರ್ಷಿಕ ವರದಿ ಹೊರಬರುತ್ತದೆ. ನೀನು ತಪ್ಪದೆ ಓದುತ್ತೀ, ತಂಗಿ ಬರೆದದ್ದೆಂದು ನರ್ಸುಗಳ ಕೋಣೆಯಲ್ಲಿ ಎಲ್ಲರಿಗೂ ತೋರಿಸುತ್ತೀ. ಈ ಸಲ ಯಾರಿಗೂ ತೋರಿಸುವ ಮೊದಲು ಇದನ್ನು ಓದು.

ಭೂಮಿಯನ್ನು ಬಿಸಿ ಮಾಡುವ ಹೊಗೆಗೆ ಮಿತಿ ಹಾಕುವ ಮಸೂದೆಯ ವಿಚಾರಣೆಗೆ ಹೋದ ವರ್ಷ ನೀನು ಆಸ್ಪತ್ರೆಯ ಪರವಾಗಿ ಹೋಗಿದ್ದೆಯಲ್ಲ. ಬಿಸಿಲಿನ ಹೊಡೆತಕ್ಕೆ ಸಿಕ್ಕಿ ನಿನ್ನ ವಾರ್ಡಿಗೆ ಬಂದವರ ಪಟ್ಟಿ ಓದಿದೆ. ಆಮೇಲೆ ನಮ್ಮ ವರದಿಯನ್ನು ಎತ್ತಿ ಹಿಡಿದು, "ನನ್ನ ತಂಗಿ ಕೆಲಸ ಮಾಡೋ ಕಂಪನೀನೇ ಈ ಕಾನೂನು ಬೇಕು ಅಂತಿದೆ, ಇನ್ಯಾರಿಗೆ ಅಡ್ಡಿ?" ಎಂದೆ. ಸಭೆ ಚಪ್ಪಾಳೆ ತಟ್ಟಿತಂತೆ. ಆ ವಾಕ್ಯ ನಾನೇ ಬರೆದದ್ದು, ನಿಜ. ನಿನ್ನ ವಿಚಾರಣೆಯ ಮರುದಿನ ಅದೇ ಮೇಜಿನ ಮುಂದೆ ಕೂತು, ಸಿಮೆಂಟ್ ತಯಾರಕರ ಸಂಘದ ಹೆಸರಿನಲ್ಲಿ ಮಂತ್ರಿಗಳಿಗೆ ಹೋದ ಪತ್ರ ಬರೆದವಳೂ ನಾನೇ. ಮಸೂದೆ ಬಂದರೆ ಕಾರ್ಖಾನೆಗಳು ಮುಚ್ಚುತ್ತವೆ, ಕೈಬಿಡಿ ಎಂದು. ಮೂರು ತಿಂಗಳಲ್ಲಿ ಕೈಬಿಟ್ಟರು.

ನಮ್ಮಲ್ಲಿ ಅದು ವಾಡಿಕೆ. ಸಂಘದಲ್ಲಿ ಬರೆಯುವವರಿಲ್ಲ, ಸದಸ್ಯ ಕಂಪನಿಗಳು ಸರದಿಯಂತೆ ಬರೆದುಕೊಡುತ್ತವೆ. ಕಂಪನಿ ಬೇಕು ಅನ್ನುತ್ತದೆ, ಸಂಘ ಬೇಡ ಅನ್ನುತ್ತದೆ. ವರದಿಯ ಕೊನೆಯಲ್ಲಿ ಒಂದು ಕೋಷ್ಟಕವಿದೆ: ನಮ್ಮ ನಿಲುವು, ಸಂಘದ ನಿಲುವು, ಎರಡೂ ಹೊಂದುತ್ತವೆಯೇ? ಮೂರು ವರ್ಷ ನಾನು ‘ಹೊಂದುತ್ತವೆ’ ಎಂದು ತುಂಬಿದೆ. ನಾವು ಬೆಣ್ಣೆ ಸಾಹೇಬರೆಂದು ಕರೆಯುವ ಮುಖ್ಯಸ್ಥರು, "ಅಲ್ಲೀವರೆಗೂ ಯಾರಮ್ಮಾ ಓದ್ತಾರೆ?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮಸೂದೆ ಬಿದ್ದ ಸಂಜೆ ನೀನು ಫೋನ್ ಮಾಡಿ, "ಯಾರೋ ಒಳಗಿಂದಾನೇ ಕತ್ತರಿ ಹಾಕಿದಾರೆ ಕಣೇ" ಎಂದೆ. ನಾನು ಹೂಂಗುಟ್ಟಿ, ನಿನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದೆ.

ಈ ಸಲ ಒಬ್ಬರು ಅಲ್ಲಿಯವರೆಗೂ ಓದಿದರು. ಆಡಳಿತ ಮಂಡಳಿಯ ಮೇಲ್ವಿಚಾರಣಾ ಸಮಿತಿಗೆ ಹೊಸದಾಗಿ ಬಂದ ನಿವೃತ್ತ ಲೆಕ್ಕಪರಿಶೋಧಕಿ. ಸಂಘದ ಪತ್ರ ತರಿಸಿ, ಕೋಷ್ಟಕದ ಪಕ್ಕದಲ್ಲಿಟ್ಟು, "ಇದನ್ನ ಬರೆದಿದ್ದು ಯಾರು?" ಎಂದರು. ಬೆಣ್ಣೆ ಸಾಹೇಬರು ಫ್ಯಾನ್ ನೋಡತೊಡಗಿದರು. "ನಾನೇ ಮೇಡಂ" ಎಂದೆ. ಧೈರ್ಯವೇನಲ್ಲ. ಸುಳ್ಳು ಹುಡುಕುವುದಕ್ಕೂ ಬೇಸರವಾಗಿತ್ತು. ಮುಂದಿದ್ದ ಬಿಸ್ಕತ್ತು ಮೆತ್ತಗಾಗಿದೆ ಅಂದುಕೊಂಡೆ, ಅಷ್ಟೇ.

ಅವರು ಪಟ್ಟು ಹಿಡಿದದ್ದರಿಂದ ಆ ಪತ್ರ ಇಡಿಯಾಗಿ ವರದಿಯ ಪುಟ ತೊಂಬತ್ತೆರಡರಲ್ಲಿ ಅಚ್ಚಾಗುತ್ತಿದೆ. ಬರೆದವರ ಹೆಸರು ಬಿಡಬಹುದು ಅಂದರು, ಇರಲಿ ಅಂದೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ, ಕೇಳಿಲ್ಲ. ಆದರೆ ಅದರ ನಾಲ್ಕನೆಯ ಪ್ಯಾರಾ ನಿನ್ನ ಕಣ್ಣಿಗೆ ಬೀಳುವ ಮೊದಲು ನಾನೇ ಹೇಳಬೇಕು. ‘ಬಿಸಿಲಿನ ಕಾಯಿಲೆಗಳ ಬಗ್ಗೆ ಆಸ್ಪತ್ರೆಯವರು ಕೊಟ್ಟ ಪಟ್ಟಿಯನ್ನು ನಂಬಲಾಗದು’ ಎಂದಿದೆ. ಅದು ನಿನ್ನ ಪಟ್ಟಿ ಅಕ್ಕಾ. ಗೊತ್ತಿದ್ದೇ ಬರೆದೆ. ಬರೆದು ಊಟಕ್ಕೆ ಹೋದೆ.

ಇಷ್ಟು ಬರೆದ ಮೇಲಾದರೂ ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ನೀನು ಬೈದರೆ ಬರಬಹುದು. ಬಾಯಿಗೆ ಬಂದಂತೆ ಬೈ, ವರ್ಷಗಟ್ಟಲೆ ಮಾತು ಬಿಡು, ಏನಾದರೂ ಮಾಡು. ‘ಪರವಾಗಿಲ್ಲ ಬಿಡೇ’ ಎಂದು ಮಾತ್ರ ಅನ್ನಬೇಡ. ಅದನ್ನು ನಾನೇ ನನಗೆ ಮೂರು ವರ್ಷ ಹೇಳಿಕೊಂಡಿದ್ದೇನೆ.

ಈ ಬೇಸಿಗೆ ನಿನ್ನ ವಾರ್ಡಿನ ಹಾಸಿಗೆಗಳು ಖಾಲಿಯಿರಲಿ.

ನಿನ್ನ ತಂಗಿ