ನಿನ್ನ ಮನೆ ಬಿಡಿಸಿದ ಸಾಕ್ಷಿ

ಹುಲುಗಪ್ಪ,

ಇದನ್ನು ನಿನಗೆ ಕಳಿಸುವುದಿಲ್ಲ, ಆದರೂ ಬರೆಯುತ್ತಿದ್ದೇನೆ. ಕೊಟ್ಟೂರಿನಲ್ಲಿ ನೀನು ಹನ್ನೊಂದು ವರ್ಷ ಬಾಡಿಗೆಗಿದ್ದ ಮನೆಯನ್ನು ಮಾಲೀಕ ಕೊಟ್ರಬಸಪ್ಪ ಈಗ ಗೊಬ್ಬರದ ಅಂಗಡಿಯವರಿಗೆ ಬಾಡಿಗೆಗೆ ಕೊಟ್ಟಿದ್ದಾನೆ. ಇವತ್ತು ಬೋರ್ಡು ಹಾಕಿದರು. ಮಗಳ ಸಂಸಾರಕ್ಕೆ ಮನೆ ಬೇಕೆಂದು ಅವನು ಕೇಸು ಹಾಕಿದಾಗ, ಹೌದೆಂದು ಕೂಡ್ಲಿಗಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದವನು ನಾನೇ. ನೀನು ಬಿಟ್ಟ ವಾರಕ್ಕೆ ಮಗಳು ಬಂದು ಹಾಲು ಉಕ್ಕಿಸಿದಳು. ಮೂರನೇ ದಿನ ಬೀಗ ಬಿತ್ತು.

ಕೊಟ್ರಬಸಪ್ಪನ ಹತ್ತಿರ ಹೋಗಿ ಜಾಡಿಸಿದೆ. "ಮಗಳೆಲ್ಲಿ ಅದಾಳಲೇ?"

"ಬಂದಿದ್ಳಲ್ಲೋ ಯಜ್ಜಾ, ನೀನ ಹೋಳಿಗಿ ಉಂಡು ಹೋದಿ," ಎಂದು ನಕ್ಕ.

ನಾನು ಸುಳ್ಳು ಹೇಳಿದೆನೋ, ಅವನ ಸುಳ್ಳನ್ನು ನಂಬಿ ಕೆಟ್ಟೆನೋ, ನನಗೇ ತಿಳಿಯುತ್ತಿಲ್ಲ.

ವಕೀಲರ ಗುಮಾಸ್ತನನ್ನು ಕೇಳಿದೆ. "ಮೋಸದಿಂದ ಬಿಡಿಸಿದ್ರ ಮನಿ ತಿರುಗಿ ಕೊಡಸ್ತಾರ್ರಿ. ಬಾಡಿಗಿಗಿದ್ದವ್ರು ಲಗೂನ ಅರ್ಜಿ ಹಾಕ್ಬೇಕು, ನೀವು ಬಂದು ಖರೇ ಹೇಳ್ಬೇಕು," ಎಂದ.

ಕೋಗಳಿಯ ನಿನ್ನ ತಂಗಿಯ ಹತ್ತಿರ ನಿನ್ನ ವಿಳಾಸ ಇರುತ್ತದೆ. ಬಸ್ ಸ್ಟ್ಯಾಂಡಿನ ತನಕ ಹೋಗಿ ಹಿಂದಕ್ಕೆ ಬಂದೆ. ಅದೇ ಕಟಕಟೆಯಲ್ಲಿ ನಿಂತು ಅದೇ ಬಾಯಿಂದ ಅಲ್ಲವೆಂದರೆ ಜಡ್ಜ್ ಸಾಹೇಬರು ಯಾವುದನ್ನು ನಂಬಬೇಕು?

ಅವತ್ತು ನಾನು ಸಾಕ್ಷಿ ಹೇಳಿದ ಮೇಲೆ ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆವು. ನೀನು ಎದ್ದು ನನಗೆ ಸೀಟು ಕೊಟ್ಟೆ. ಯಾಕೆ ಕೊಟ್ಟೆ, ಹುಲುಗಪ್ಪ?