ಕಣ್ಣಿನ ಮೇಲೆ ಕತ್ತರಿಸಿದ್ದು

ಮನೆಯಿಂದ,
ಮಾರ್ಚ್ 9, ಭಾನುವಾರ

ಪ್ರೀತಿಯ ಇವಳೇ,

ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆ ಮೂರನೇ ಮಹಡಿ, ಅಲ್ಲಿ ಲಿಫ್ಟು ಕೆಟ್ಟು ಕೂತಿದೆ ಅಂತ ಅಳಿಯ ಹೇಳಿದಾಗಿನಿಂದ ನನಗೆ ಅದೇ ಯೋಚನೆ. ಸುಮ್ಮಸುಮ್ಮನೆ ಹತ್ತಿ ಇಳಿಯಬೇಡ. ಮಗಳು ರಾತ್ರಿ ಸ್ವಲ್ಪವಾದರೂ ಕಣ್ಣು ಮುಚ್ಚುತ್ತಾಳಾ? ಮೊಮ್ಮಗಳ ಹೊಟ್ಟೆನೋವು ಹೋಯಿತಾ? ಫೋನಿನಲ್ಲಿ ಅವಳ ಅಳು ಕೇಳಿದರೆ, ಗಂಟಲು ನಿನ್ನ ಕಡೆಯದೇ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಆ ಅಳುವಿನ ನಡುವೆ ನಮ್ಮಿಬ್ಬರ ಮಾತು ಒಂದು ದಿನವಾದರೂ ದಡ ಸೇರಿದ್ದುಂಟಾ? ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ಅನ್ನ ತಳ ಹಿಡಿಯುವುದು ಕಡಿಮೆಯಾಗಿದೆ. ಕಸ ಗುಡಿಸುತ್ತಿದ್ದೇನೆ, ಮೂಲೆಗಳನ್ನು ಮಾತ್ರ ಕೇಳಬೇಡ.

ಮೊನ್ನೆ ನೀನು ಮಗಳಿಗೆ ಕೇಳಿಸದ ಹಾಗೆ ಪಿಸುಗುಟ್ಟಿದ್ದಕ್ಕೆ ನಾನು ನೆಟ್ಟಗೆ ಉತ್ತರ ಕೊಡಲಿಲ್ಲ. ಅವಳ ರಜ ಮುಗಿಯುತ್ತಾ ಬಂತು, ಲ್ಯಾಬಿನ ಕೆಲಸಕ್ಕೆ ಹೋಗಲೇಬೇಕು, ಮಗು ನೋಡಿಕೊಳ್ಳಲು ಇನ್ನೊಂದು ವರ್ಷ ಅಲ್ಲೇ ಇರಲಾ, "ನೀವೇನಂತೀರಿ?" ಅಂದೆ. ನಾನು "ಹ್ಞೂಂ, ನೋಡೋಣ" ಅಂದು ಗುಲಾಬಿಯ ವಿಷಯ ತೆಗೆದೆ. ಅದೂ ಅರ್ಧಕ್ಕೇ ನಿಂತಿತು. ಹಾಗಾಗಿ ಮೊದಲು ತೋಟದ ಸಮಾಚಾರ, ನಿನ್ನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮುಖ ಊದಿಸಿಕೊಳ್ಳಬೇಡ.

ಡೇರೆ ಗಿಡ ನನ್ನ ಸೊಂಟದವರೆಗೆ ಬಂದಿದೆ. ಗಾಳಿಗೆ ವಾಲುತ್ತಿತ್ತು, ಕೋಲು ನೆಟ್ಟು ಪ್ಯಾಂಟಿನ ಬಟ್ಟೆಯ ಅಂಚು ಹರಿದು ಕಟ್ಟಿದ್ದೇನೆ. ನೀನು ಕಟ್ಟುತ್ತಿದ್ದ ದಾರ ಕಾಂಡ ಕೊಯ್ಯುತ್ತದೆ, ಬಟ್ಟೆಯಾದರೆ ಮೆತ್ತಗೆ. ಇದನ್ನು ಇಷ್ಟು ವರ್ಷ ನನ್ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ, ನೀನೆಲ್ಲಿ ಕೇಳುತ್ತೀಯ! ಚೆಂಡುಹೂವಿನ ಸಸಿಗಳನ್ನು ಬಸವನಹುಳು ಮೇಯುತ್ತಿತ್ತು. ಬೆಳಿಗ್ಗೆ ಎದ್ದು ಒಂದೊಂದನ್ನೇ ಹೆಕ್ಕಿ ಡಬ್ಬಿಗೆ ಹಾಕಿ ರಸ್ತೆಯಾಚೆ ಬಿಟ್ಟು ಬರುತ್ತೇನೆ. ಅವು ಮತ್ತೆ ಬರುತ್ತವೆ. ಅವಸರವಿಲ್ಲದ ಜೀವಿಗಳು, ನನಗೂ ಅವಸರವಿಲ್ಲ, ಇಬ್ಬರಿಗೂ ಒಳ್ಳೆಯ ಜೊತೆಯಾಗಿದೆ. ದಾಸವಾಳದ ಬಿಳಿ ಹಿಟ್ಟಿನಂಥ ಹುಳಕ್ಕೆ ನೀನು ಹೇಳಿದ ಸೋಪಿನ ನೀರು ಹೊಡೆದೆ. ಗಿಡ ಶುದ್ಧವಾಯಿತು, ನನ್ನ ಅಂಗಿಯೂ.

ಇನ್ನು ಗುಲಾಬಿ. ಕೂತುಕೊಂಡು ಓದು. ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹೊರಹಾಕಿ ನೀನು ಹೇಳಿದ್ದು ನನಗೆ ಬಾಯಿಪಾಠ. "ಹೊರಗಡೆ ಮುಖ ಮಾಡಿರೋ ಕಣ್ಣು ನೋಡ್ಕೊಳ್ಳಿ, ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ." ಕಣ್ಣು ಅಂದರೆ ಕೊಂಬೆಯಲ್ಲಿ ಎಲೆಯ ಬುಡಕ್ಕಿರುವ ಪುಟ್ಟ ಉಬ್ಬು, ಹೊಸ ಚಿಗುರು ಅಲ್ಲಿಂದಲೇ ಬರುವುದು ಅಂತ ನೀನೇ ಹಿಂದೆ ಬೆರಳಿಟ್ಟು ತೋರಿಸಿದ್ದೆ. ಸರಿ, ಕೂತೆ. ಇಡೀ ಜೀವಮಾನ ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಆಡಿಸಿದ ದರ್ಜಿ ನಾನು. ಗೆರೆ ಮೇಲೆ ಅಂದರೆ ಗೆರೆ ಮೇಲೆಯೇ, ಕೂದಲೆಳೆಯಷ್ಟು ಆಚೀಚೆ ಹೋದರೆ ಕಾಲರು ಸೊಟ್ಟ. ಕನ್ನಡಕ ಏರಿಸಿಕೊಂಡು ಒಂದೊಂದೇ ಕಣ್ಣು ಹುಡುಕಿ, ಸರಿಯಾಗಿ ಅದರ ಮೇಲೆಯೇ ಕತ್ತರಿಯಿಟ್ಟು ಓರೆಯಾಗಿ ಕತ್ತರಿಸಿದೆ. ಒಂದು ಕಣ್ಣೂ ತಪ್ಪಿಸಿಕೊಳ್ಳಲಿಲ್ಲ. ಎಷ್ಟು ಅಚ್ಚುಕಟ್ಟಾಗಿತ್ತು ಅಂದರೆ, ಪಕ್ಕದ ಮನೆ ಟೀಚರಮ್ಮನನ್ನು ಕರೆದು ತೋರಿಸಿದೆ.

ಅವರು ಗೋಡೆಯ ಮೇಲಿಂದ ಬಗ್ಗಿ ನೋಡಿದರು. ಆಮೇಲೆ ನಕ್ಕರು ನೋಡು, ಕನ್ನಡಕ ಜಾರಿ ನಮ್ಮ ಡೇರೆ ಗಿಡಕ್ಕೆ ಬಿತ್ತು. "ಅಯ್ಯೋ ದೇವರೇ, ಕಣ್ಣಿನ ಮೇಲೆ ಅಂದ್ರೆ ಕಣ್ಣಿಗಿಂತ ಮೇಲೆ ಕಣ್ರೀ! ಕಣ್ಣನ್ನೇ ಕಿತ್ತುಹಾಕಿದ್ದೀರಲ್ಲ!" ತಪ್ಪು ನನ್ನದಾ, ಭಾಷೆಯದಾ, ನಿನ್ನದಾ, ನೀನೇ ಹೇಳು. "ಹೊಲಿಗೆಗೆ ಬಟ್ಟೆ ಬಿಟ್ಟು ಕತ್ತರಿಸಿ" ಅಂದಿದ್ದರೆ ನನ್ನಂಥ ದಡ್ಡನಿಗೂ ತಿಳಿಯುತ್ತಿತ್ತು.

ಕೊಂಬೆಗಳ ತುದಿ ಕಪ್ಪಾಗುತ್ತಾ ಬಂತು. ನಾನು ಊಟ ಮಾಡಿದ ತಟ್ಟೆ ಹಿಡಿದುಕೊಂಡೇ ಹೋಗಿ ನೋಡುತ್ತಿದ್ದೆ. ನಿನಗೆ ಯಾವ ಮುಖ ಹೊತ್ತು ಹೇಳಲಿ ಅಂತ ಸಂಕಟ. ಫೋನಿನಲ್ಲಿ ನೀನು "ಗುಲಾಬಿ ಹೇಗಿದೆ?" ಅಂದಾಗಲೆಲ್ಲ "ಇದೆ, ಇದೆ" ಅನ್ನುತ್ತಿದ್ದೆ. ಇದ್ದದ್ದು ನಿಜವೇ ತಾನೇ. ಕೊನೆಗೆ ಒಂದು ಬೆಳಿಗ್ಗೆ ನೋಡುತ್ತೇನೆ, ಕೆಳಗಿನ ಕಣ್ಣುಗಳು ಕೆಂಪಗೆ ಉಬ್ಬಿವೆ! ಮೇಲಿನದನ್ನು ಕಳೆದುಕೊಂಡ ಗಿಡ ಕೆಳಗಿನದನ್ನು ಎಬ್ಬಿಸಿತ್ತು. ಆದರೆ ಒಂದು ಎಡವಟ್ಟು. ಕಣ್ಣುಗಳು ಒಂದು ಆ ಕಡೆ, ಒಂದು ಈ ಕಡೆ ಇರುತ್ತವಲ್ಲ. ನೀನು ಹೇಳಿದ, ರಸ್ತೆಗೆ ಮುಖ ಮಾಡಿದ ಕಣ್ಣುಗಳನ್ನೆಲ್ಲ ನಾನು ಮುಗಿಸಿದ್ದರಿಂದ ಈಗ ಬಂದ ಚಿಗುರೆಲ್ಲ ಮನೆಯ ಕಡೆಗೇ ಮುಖ. ಗಿಡ ರಸ್ತೆಗೆ ಬೆನ್ನು ಹಾಕಿ ನನ್ನ ಅಂಗಡಿಕೋಣೆಯ ಕಿಟಕಿಗೆ ಬಂದು ನಿಂತಿದೆ. ಹೊಲಿಯುತ್ತಾ ತಲೆಯೆತ್ತಿದರೆ ಸರಳಿನ ನಡುವೆ ಮೊಗ್ಗು. ಬಟ್ಟೆ ಕೊಡಲು ಬಂದವರು "ಚೆನ್ನಾಗಿ ಬೆಳೆಸಿದ್ದೀರಿ" ಅನ್ನುತ್ತಾರೆ. "ಹೀಗೇ ಬರಲಿ ಅಂತಲೇ ಕತ್ತರಿಸಿದ್ದು" ಅನ್ನುತ್ತೇನೆ. ಟೀಚರಮ್ಮ ಗೋಡೆಯಾಚೆ ಕೆಮ್ಮುತ್ತಾರೆ.

ಈಗ ನಿನ್ನ ಪ್ರಶ್ನೆ. ಇರು. ಖಂಡಿತ ಇರು. ಮಗಳು ಅಷ್ಟು ಓದಿ ಹಿಡಿದ ಕೆಲಸ ಬಿಡುವುದು ಬೇಡ, ಎಳೆ ಮಗುವನ್ನು ಗೊತ್ತಿಲ್ಲದವರ ಕೈಗೆ ಕೊಡುವುದೂ ಬೇಡ. ನನ್ನ ಚಿಂತೆ ನಿನಗೆ ಯಾಕೆ? ಅಡುಗೆ ಬರುತ್ತದೆ, ತೋಟವೂ ಕೈಗೆ ಹತ್ತಿದೆ. ನೀವೂ ಬನ್ನಿ ಅಂತ ಅಳಿಯ ಕರೆದ ಮಾತು ಮಾತ್ರ ಬಿಟ್ಟುಬಿಡಿ. ಅಂಗಡಿ ಮುಚ್ಚಿದರೆ ಗಿರಾಕಿ ಚದುರುತ್ತಾರೆ. ಮಗಳ ಮನೆಯಲ್ಲಿ ಕಾಲು ನೀಡಿಕೊಂಡು ಕೂತು ತಿನ್ನುವ ಜಾಯಮಾನವೂ ನನ್ನದಲ್ಲ, ನಿನಗೇ ಗೊತ್ತು. ಒಂದು ವರ್ಷ ಅಂದರೇನು, ಹೂವು ಅರಳಿ ಉದುರುವುದರೊಳಗೆ ಹೋಗಿಬಿಡುತ್ತದೆ. ನಾನು ನೆಮ್ಮದಿಯಾಗಿದ್ದೇನೆ, ಸುಳ್ಳಲ್ಲ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಆ ಪುಟ್ಟ ಗಂಟಲಿಗೆ ಒಂದು ಮುತ್ತು. ನಿನ್ನ ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ.

ಇಂತಿ,
ನಿನ್ನ ಇವರು

ತಾ.ಕ.: ಸೋಮವಾರ ಬೆಳಿಗ್ಗೆ. ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಇವತ್ತು ಮೊದಲ ಗುಲಾಬಿ ಅರಳಿತು. ನಾನು ಹಲ್ಲುಜ್ಜುತ್ತಾ ನಿಂತವನು ಬಾಯಿ ತುಂಬ ನೊರೆಯಿಟ್ಟುಕೊಂಡೇ "ಇವಳೇ, ಬಾರೇ, ಬೇಗ ಬಾ ಇಲ್ಲಿ!" ಅಂತ ಮನೆಯೊಳಕ್ಕೆ ಕೂಗಿದೆ. ಎರಡು ಸಲ ಕೂಗಿದೆ. ಯಾಕೆ ಬರಲಿಲ್ಲ ಅಂತ ಸಿಟ್ಟೂ ಬಂತು. ಆಮೇಲೆ ನೆನಪಾಯಿತು. ಟೀಚರಮ್ಮ ಗೋಡೆಯಿಂದ ಇಣುಕಿ "ಯಾರನ್ನ ಕರೀತಿದ್ರಿ?" ಅಂದರು. "ಬೆಕ್ಕನ್ನ" ಅಂದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ ಅಂತ ಅವರಿಗೂ ಗೊತ್ತು. ಪಾಪ, ನಗಲಿಲ್ಲ. "ನೀರು ನಾನು ಹಾಕ್ತೀನಿ, ನೀವು ಹೊರಡಿ" ಅಂದರು, ಅಷ್ಟೇ. ನೀನಿಲ್ಲದೆ ನನಗೆ ಆಗುವುದಿಲ್ಲ ಕಣೇ. ಮೇಲೆ ಬರೆದ ನೆಮ್ಮದಿ ಗಿಮ್ಮದಿ ಎಲ್ಲ ಹೊಡೆದುಹಾಕು. ನೀನು ಬರಬೇಡ, ಮಗುವಿಗೆ ನೀನು ಬೇಕು. ನಾನೇ ಬರುತ್ತೇನೆ. ಒಪ್ಪಿಕೊಂಡ ಬಟ್ಟೆಗಳನ್ನು ಹೊಲಿದು ಕೊಟ್ಟು ಗುರುವಾರದ ಬಸ್ಸು ಹತ್ತುತ್ತೇನೆ. ಮಿಷನ್ನಿನ ತಲೆ ಬಿಚ್ಚಿ ಚೀಲದಲ್ಲಿ ಸುತ್ತಿಟ್ಟುಕೊಳ್ಳುತ್ತೇನೆ, ಅದನ್ನು ಕೂರಿಸಲು ಒಂದು ಮೇಜಿನ ಜಾಗ ಇದೆಯಾ ಅಂತ ಮಗಳನ್ನು ಕೇಳು. ಇಲ್ಲ ಅಂದರೂ ಬರುತ್ತೇನೆ.