ಸ್ಟೇರಿಂಗಿಗೆ ಕಟ್ಟಿದ ಬಟ್ಟೆ

ಮನೆಯಿಂದ, ಮುಂದಿನ ಕೋಣೆಯಲ್ಲಿ ಕೂತು
ಭಾನುವಾರ, ಹದಿನಾಲ್ಕನೇ ತಾರೀಖು, ಬೆಳಗ್ಗೆ ಎಂಟು ಗಂಟೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಆರೋಗ್ಯವಾಗಿದ್ದೀಯಾ? ಔಷಧಿ ಅಂಗಡಿಯಲ್ಲಿ ಬೆಳಗ್ಗೆಯಿಂದ ಸಾಯಂಕಾಲದವರೆಗೆ ನಿಂತೇ ಇರಬೇಕಂತೆ, ನಿನ್ನ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ಕಾಲು ಊದಿಕೊಂಡರೆ ಬಿಸಿನೀರಿನಲ್ಲಿ ಇಟ್ಟುಕೊಂಡು ಕೂರು. ಹೊತ್ತುಹೊತ್ತಿಗೆ ಸರಿಯಾಗಿ ಊಟ ಮಾಡು, ಲಾರಿಯಲ್ಲಿದ್ದಾಗ ಮಾಡುತ್ತಿದ್ದ ಹಾಗೆ ಒಂದು ಬಾಳೆಹಣ್ಣು ತಿಂದು ಆಯಿತು ಅನ್ನಬೇಡ. ಇಲ್ಲಿ ನಿಮ್ಮಮ್ಮನ ಮಂಡಿ ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ. ಹದಿನೇಳು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದಿದ್ದದ್ದೇ ಸರಿ, ನಿನ್ನ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ. ಅದಕ್ಕೇ ಮೂವತ್ತು ವರ್ಷದ ಮೇಲೆ ಕಾಗದ, ಪೆನ್ನು ಹಿಡಿದಿದ್ದೇನೆ. ಪತ್ರವನ್ನಾದರೆ ಹರಿದು ಹಾಕುವ ಮುಂಚೆ ನಾಲ್ಕು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದು ಒಂದು ಆಸೆ. ಅಕ್ಷರ ನೋಡಿ ನಗಬೇಡ. ನಗು ಬಂದರೆ ನಕ್ಕುಬಿಡು, ಪರವಾಗಿಲ್ಲ.

ಮೊದಲು ಲಾರಿಯ ಸುದ್ದಿ ಹೇಳುತ್ತೇನೆ. ನೀನು ಹೋಗಿ ನಾಲ್ಕು ತಿಂಗಳಾಯಿತು, ಇಂಜಿನ್ ಇಳಿಸಿಯೂ ಅಷ್ಟೇ ಆಯಿತು. ಗೊಣಗು ಮೇಸ್ತ್ರಿ ಅದನ್ನು ಲಾರಿ ಸ್ಟ್ಯಾಂಡಿನ ಪಕ್ಕದ ತನ್ನ ಗ್ಯಾರೇಜಿನಲ್ಲಿ ಎರಡು ಮರದ ದಿಮ್ಮಿಗಳ ಮೇಲೆ ಬಿಚ್ಚಿ ಇಟ್ಟಿದ್ದಾನೆ. ಹಳೇ ಆಯಿಲ್ ಡಬ್ಬಗಳನ್ನು ಕತ್ತರಿಸಿ ಒಂದೊಂದರಲ್ಲಿ ಒಂದೊಂದು ಸಾಮಾನು, ಮೇಲೆ ಸೀಮೆಸುಣ್ಣದಲ್ಲಿ ನಂಬರು. ಆರರಲ್ಲಿ ನಾಲ್ಕು ಪಿಸ್ಟನ್ ಕಚ್ಚಿಕೊಂಡು ಹಾಳಾಗಿವೆ, ಹೆಡ್ ಬಿರುಕು ಬಿಟ್ಟಿದೆ. ಆದರೆ ಬ್ಲಾಕಿಗೆ ಏನೂ ಆಗಿಲ್ಲವಂತೆ. “ಮೂಳೆ ಗಟ್ಟಿ ಇದೆ ಯಜಮಾನ್ರೇ, ಆರು ವಾರ ಕೊಡಿ, ಎಬ್ಬಿಸಿ ಓಡಿಸ್ತೀನಿ” ಎಂದು ಮೇಸ್ತ್ರಿ ನನಗೂ ಹೇಳುತ್ತಾನೆ, ಇಂಜಿನ್ನಿಗೂ ಹೇಳುತ್ತಾನೆ, ಗೋಡೆಗೂ ಹೇಳುತ್ತಾನೆ. ಈ ಕಡೆ ದಲ್ಲಾಳಿ, ಅದೇ ನೀನು ತೂಕಡಿಕೆ ಎಂದು ಹೆಸರಿಟ್ಟಿದ್ದೆಯಲ್ಲ, ಅವನು ಬಂದು ಕಣ್ಣು ಮುಚ್ಚಿಕೊಂಡೇ ವ್ಯಾಪಾರ ಮಾತಾಡಿದ. ಹದಿನಾಲ್ಕು ವರ್ಷದ ಗಾಡಿ, ಇವತ್ತು ಇಂಜಿನ್ನು, ನಾಳೆ ಇನ್ನೊಂದು, ಸುಮ್ಮನೆ ಗುಜರಿಗೆ ಕೊಟ್ಟು ಕೈತೊಳೆದುಕೊಳ್ಳಿ ಅಂತಾನೆ. ನಾಲ್ಕೇ ವರ್ಷ ಓಡಿದ ಒಂದು ಲಾರಿ ತೋರಿಸಿದ್ದಾನೆ. ಸ್ಟೇರಿಂಗ್ ಒಂದು ಬೆರಳಿನಲ್ಲಿ ತಿರುಗುತ್ತದೆ, ಸೀಟು ನಮ್ಮ ಮನೆಯ ಕುರ್ಚಿಗಿಂತ ಚೆನ್ನಾಗಿದೆ. ಬುಧವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

ಸ್ಟ್ಯಾಂಡಿನಲ್ಲಿ ಇದೇ ದೊಡ್ಡ ಚರ್ಚೆ. ಅರ್ಧ ಜನ ರಿಪೇರಿ ಮಾಡಿಸು ಅಂತಾರೆ, ಅರ್ಧ ಜನ ಹೊಸದು ತಗೋ ಅಂತಾರೆ. ಜನ್ಮದಲ್ಲಿ ಸೈಕಲ್ ಓಡಿಸದ ಟೀ ಅಂಗಡಿಯವನು ಮೈಲೇಜಿನ ಬಗ್ಗೆ ನನಗೆ ಪಾಠ ಹೇಳುತ್ತಾನೆ. ನಾನು ಹೊಸದೇ ತಗೊಳ್ಳೋದು ಎಂದು ಎಲ್ಲರ ಮುಂದೆ ಸಾರಿದ್ದೇನೆ. ಕಾರಣ ಕೇಳಿದವರಿಗೆಲ್ಲ ಕೊಡಲು ನನ್ನ ಹತ್ತಿರ ಕಂತೆಗಟ್ಟಲೆ ಕಾರಣಗಳಿವೆ: ಹಳೇ ಗಾಡಿಗೆ ಲೋಡು ಕೊಡುವವರು ಕಮ್ಮಿ, ಡೀಸೆಲ್ ಕುಡಿಯುತ್ತದೆ, ಒಂದು ಸಲ ಬಿಚ್ಚಿದ ಇಂಜಿನ್ ಮೊದಲಿನ ಹಾಗಾಗುವುದಿಲ್ಲ. ಎಲ್ಲವೂ ನಿಜ. ಆದರೆ ಒಂದೂ ನನ್ನ ಕಾರಣವಲ್ಲ ಮಗಳೇ. ನನಗೆ ಆ ಬಿಚ್ಚಿಟ್ಟ ಇಂಜಿನ್ ನೋಡಲಾಗುವುದಿಲ್ಲ. ಗ್ಯಾರೇಜಿಗೆ ಹೋದಾಗಲೆಲ್ಲ ಮೇಸ್ತ್ರಿ ನೀನು ಹಾಕಿದ್ದ ಹೊಸ ರಬ್ಬರ್ ಪೈಪನ್ನು ಎತ್ತಿ ಅದರ ತುದಿ ನೋಡುತ್ತಾನೆ, ನನ್ನನ್ನು ನೋಡುತ್ತಾನೆ, ಮತ್ತೆ ಡಬ್ಬಕ್ಕೆ ಹಾಕುತ್ತಾನೆ. ಅಷ್ಟು ಗೊಣಗುವ ಮನುಷ್ಯ ಆಗ ಮಾತ್ರ ಗಪ್‌ಚುಪ್. ಲಾರಿ ಗುಜರಿಗೆ ಹೋದರೆ ಅದರ ಜೊತೆ ಈ ವಿಷಯವೂ ಹೋಗುತ್ತದಲ್ಲ ಎಂಬುದೇ ನನ್ನ ಲೆಕ್ಕಾಚಾರ. ನೋಡು, ನಿಮ್ಮಪ್ಪನ ಯೋಗ್ಯತೆ.

ಈಗ ಹೇಳಿಬಿಡುತ್ತೇನೆ. ಬರೆಯಲು ಕೈ ಬರುತ್ತಿಲ್ಲ, ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ.

ನೀನು ಬಟ್ಟೆ ಕಟ್ಟಿದ್ದೆ. ನನಗೆ ಗೊತ್ತು.

ಆ ನಿಯಮ ಮಾಡಿದವನೇ ನಾನು. ಗಾಡಿಯಲ್ಲಿ ಕೆಲಸ ಅರ್ಧಕ್ಕೆ ನಿಂತಿದ್ದರೆ ಸ್ಟೇರಿಂಗಿಗೆ ಕೆಂಪು ಬಟ್ಟೆ ಕಟ್ಟಬೇಕು, ಕಟ್ಟಿದವರೇ ಬಿಚ್ಚಬೇಕು, ಬಟ್ಟೆ ಇರುವಾಗ ಯಾರಪ್ಪ ಬಂದರೂ ಕೀಲಿ ತಿರುಗಿಸಬಾರದು. ನಿಮ್ಮಮ್ಮನ ಹಳೇ ಪರದೆಯನ್ನು ಅವಳಿಗೆ ಹೇಳದೆ ಹರಿದು ಬೈಸಿಕೊಂಡದ್ದು ನೆನಪಿದೆಯಾ? ಲಾರಿಗೂ ಟೈ ಕಟ್ತೀರಾ ಎಂದು ಸ್ಟ್ಯಾಂಡಿನವರು ಆಡಿಕೊಂಡರು, ಆಮೇಲೆ ಅವರಲ್ಲೇ ಇಬ್ಬರು ಕಟ್ಟಲು ಶುರುಮಾಡಿದರು. ನಾನು ಅದನ್ನು ಹೇಳಿಕೊಂಡು ಎಷ್ಟು ಜಂಬ ಕೊಚ್ಚಿದ್ದೇನೋ ದೇವರಿಗೇ ಗೊತ್ತು.

ಇಂಜಿನ್ ಸುಟ್ಟ ದಿನದ ಹಿಂದಿನ ಸಂಜೆ ರೇಡಿಯೇಟರ್ ಪೈಪ್ ಸೋರುತ್ತಿದೆ ಎಂದು ನೀರೆಲ್ಲ ಇಳಿಸಿ ನೀನು ಹೊಸ ಪೈಪ್ ಹಾಕಿದೆ. ಬಿಗಿಯುವ ಕ್ಲಾಂಪ್ ಮುರಿದಿತ್ತು, ಬೆಳಗ್ಗೆ ಅಂಗಡಿ ತೆಗೆದ ಮೇಲೆ ತರೋಣ ಎಂದು ಬಟ್ಟೆ ಕಟ್ಟಿ ಮಲಗಿದೆ. ಲೋಡು ತುಂಬಿಯೇ ಇತ್ತು, ಟೈಲ್ಸ್. ಐದೂವರೆಗೆ ಆ ಮನೆ ಕಟ್ಟಿಸುವವರ ಫೋನು, ಕೆಲಸದವರು ಏಳಕ್ಕೇ ಬರ್ತಾರೆ, ಬೇಗ ತನ್ನಿ ಅಂತ. ಪಾಪ, ಮಗು ಮಲಗಿರಲಿ, ಒಂದು ಟ್ರಿಪ್ ಈ ಮುದುಕನೇ ಹೊಡೆದು ಬರುತ್ತೇನೆ ಎಂದುಕೊಂಡೆ. ಕ್ಯಾಬಿನ್ ಹತ್ತಿದರೆ ಗಾಜಿನ ತುಂಬ ಮಂಜು. ಕೈಗೆ ಬಟ್ಟೆ ಸಿಕ್ಕಿತು, ಬಿಚ್ಚಿದೆ, ಗಾಜು ಒರೆಸಿದೆ, ಸೀಟಿನ ಕೆಳಗೆ ಎಸೆದೆ, ಹೊರಟೆ. ಎಷ್ಟು ಸಲೀಸಾಗಿ ಆಯಿತೆಂದರೆ ಮಾಡಿದೆ ಎಂದು ನನಗೇ ಗೊತ್ತಾಗಲಿಲ್ಲ. ಬಿಸಿ ತೋರಿಸುವ ಮುಳ್ಳು ಕೆಳಗೇ ಇತ್ತು. ಒಳಗೆ ನೀರೇ ಇಲ್ಲದಿದ್ದರೆ ಅದು ಏಳುವುದೇ ಇಲ್ಲವಂತೆ, ಮೇಸ್ತ್ರಿ ಆಮೇಲೆ ಹೇಳಿದ. ಏರಿನಲ್ಲಿ ಸುಟ್ಟ ವಾಸನೆ ಬಂತು, ಗಾಡಿ ಒಮ್ಮೆ ಕೊಸರಾಡಿ ನಿಂತುಬಿಟ್ಟಿತು.

ಇಲ್ಲಿಯವರೆಗೆ ನಡೆದದ್ದು ಮರೆವು. ಯಾರಿಗಾದರೂ ಆಗುತ್ತದೆ. ಇನ್ನು ಮುಂದಿನದು ಮರೆವಲ್ಲ. ಇನ್ನೊಂದು ಲಾರಿ ನಮ್ಮದನ್ನು ಹಗ್ಗ ಹಾಕಿ ಎಳೆದುಕೊಂಡು ಬರುವಾಗ ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಗಾಜಿಗೆ ಧೂಳು ಹೊಡೆಯಿತು. ಒರೆಸಲು ಸೀಟಿನ ಕೆಳಗೆ ಕೈ ಹಾಕಿದೆ, ಒದ್ದೆ ಬಟ್ಟೆ ಕೈಗೆ ಬಂತು. ಎಲ್ಲ ನೆನಪಾಯಿತು ಮಗಳೇ, ಅಲ್ಲೇ, ಆಗಲೇ. ಅದನ್ನು ಮಡಚಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡೆ.

ಸ್ಟ್ಯಾಂಡಿಗೆ ಬಂದಾಗ ಎಲ್ಲರೂ ಸೇರಿದ್ದರು. ಮೇಸ್ತ್ರಿ ಬಾನೆಟ್ ಎತ್ತಿ, ಪೈಪಿಗೆ ಕ್ಲಾಂಪೇ ಇಲ್ಲ, ಬಟ್ಟೆ ಕಟ್ಟಿರ್ಲಿಲ್ವಾ ಎಂದು ಕೇಳಿದ. ಇಲ್ಲ ಅಂದೆ. ಒಂದೇ ಮಾತು. ಆಡಿದ ಮೇಲೆ ಅದರ ಹಿಂದೆಯೇ ಉಳಿದವೂ ಬಂದವು. ನೀನು ಅಂಗಡಿಯಿಂದ ಓಡೋಡಿ ಬಂದೆ, ಕೈಯಲ್ಲಿ ಹೊಸ ಕ್ಲಾಂಪ್ ಹಿಡಿದುಕೊಂಡೇ. ಅಷ್ಟು ಜನರ ಮುಂದೆ ನಾನು, ಹೆಣ್ಣುಮಕ್ಕಳ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ ಅಂದೆ. ನಿನಗೆ ಹೆವಿ ಲೈಸೆನ್ಸ್ ಬಂದ ದಿನ ಇದೇ ಜನಕ್ಕೆ ಮೀಸೆ ತಿರುವಿಕೊಂಡು ಟೀ ಕುಡಿಸಿದ ಬಾಯಿಂದಲೇ ಅಂದೆ. ನೀನು ಕೂಗಾಡಲಿಲ್ಲ. “ಕಟ್ಟಿದ್ದೆ ಅಪ್ಪ” ಅಂದೆ, ಅಷ್ಟೇ. ಅದಕ್ಕೆ ನಾನು, “ಸುಳ್ಳು ಬೇರೆ ಹೇಳ್ತೀಯಾ” ಅಂದೆ. ಬಟ್ಟೆ ಜೇಬಿನಲ್ಲಿತ್ತು. ತೊಡೆಗೆ ತಣ್ಣಗೆ ಹತ್ತುತ್ತಿತ್ತು. ಥೂ, ನನ್ನ ಜನ್ಮಕ್ಕಿಷ್ಟು.

ಯಾಕೆ ಹಾಗಂದೆ ಎಂದು ನಾಲ್ಕು ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ದೊಡ್ಡ ಉತ್ತರವೇನೂ ಇಲ್ಲ. ನಗುತ್ತಾರೆ ಎಂದು ಹೆದರಿದೆ. ಬಟ್ಟೆ ಕಟ್ಟಿ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ಅದರಲ್ಲೇ ಗಾಜು ಒರೆಸಿಕೊಂಡು ಇಂಜಿನ್ ಸುಟ್ಟ ಎಂದು ಆಡಿಕೊಳ್ಳುತ್ತಾರಲ್ಲ. ಅಷ್ಟಕ್ಕೇ ಮಗಳನ್ನು ಬಲಿಕೊಟ್ಟೆ. ಆಮೇಲೆ ಬೇರೆಯವರ ಗಾಡಿ ಓಡಿಸುತ್ತೇನೆಂದರೂ ನಿನಗೆ ಯಾರೂ ಲೋಡು ಕೊಡಲಿಲ್ಲ, ಅಪ್ಪನೇ ಹಾಗಂದ ಮೇಲೆ ನಾವ್ಯಾಕೆ ಕೊಡೋಣ ಅಂದರಂತೆ. ಮೂರನೇ ದಿನ ನೀನು ಚಿಕ್ಕಮ್ಮನ ಮನೆಗೆ ಹೊರಟೆ. ನಾನು ಬಾಗಿಲಿನವರೆಗೂ ಬರಲಿಲ್ಲ. ಹಿಂದಿನ ಕೋಣೆಯಲ್ಲಿ ಏನೋ ಹುಡುಕುವ ಹಾಗೆ ನಟಿಸುತ್ತ ನಿಂತಿದ್ದೆ.

ಇವತ್ತು ಇದನ್ನೆಲ್ಲ ಬರೆಯುವುದಕ್ಕೆ ಕಾರಣ, ನಿನ್ನೆ ಚಿಕ್ಕಮ್ಮ ಹೇಳಿದ ಮಾತು. ಚಿಕ್ಕಪ್ಪ ಗೇಟಿಗೆ ಅಡ್ಡ ನಿಲ್ಲಿಸಿದ್ದ ಕಾರನ್ನು ಸ್ವಲ್ಪ ಪಕ್ಕಕ್ಕೆ ತೆಗಿಯಮ್ಮ ಎಂದು ಕೀಲಿ ಕೊಟ್ಟರೆ ನೀನು ಕೀಲಿಯನ್ನೇ ಮುಟ್ಟಲಿಲ್ಲವಂತೆ. “ನನಗೆ ಗಾಡಿ ಬರಲ್ಲ ಚಿಕ್ಕಪ್ಪ” ಅಂದೆಯಂತೆ. ಈ ತಿಂಗಳ ಕೊನೆಗೆ ಲೈಸೆನ್ಸ್ ಮುಗಿಯುತ್ತದೆ, ರಿನ್ಯೂ ಮಾಡಿಸುವುದಿಲ್ಲ ಎಂದೂ ಹೇಳಿದೆಯಂತೆ. ಹದಿನಾರು ಟನ್ ತುಂಬಿಕೊಂಡು ಇಳಿಜಾರಿನಲ್ಲಿ ಹಾಡು ಗುನುಗುತ್ತ ಇಳಿಸುತ್ತಿದ್ದವಳು ನೀನು. ಅದನ್ನು ಕೇಳಿ ನನಗೆ ಊಟ ಸೇರಲಿಲ್ಲ.

ನನ್ನ ಮಾತು ಕೇಳು. ಹೊಸ ಗಾಡಿ ತೆಗೆದುಕೊಳ್ಳೋಣ, ನಿನ್ನ ಹೆಸರಿನಲ್ಲೇ ಬರೆಸುತ್ತೇನೆ. ಹಳೆಯದು ಹೋದರೆ ಹಳೇ ಮಾತೂ ಹೋಗುತ್ತದೆ, ನಾಲ್ಕು ಟ್ರಿಪ್ ಹೊಡೆದರೆ ಸ್ಟ್ಯಾಂಡಿನವರು ತಾವಾಗಿಯೇ ಮರೆಯುತ್ತಾರೆ. ಲೈಸೆನ್ಸ್ ರಿನ್ಯೂ ಮಾಡಿಸಿಕೊಂಡು ಬಾ. ನಾನು ಬರೆದದ್ದು ಮಾತ್ರ ನಮ್ಮಿಬ್ಬರ ನಡುವೆಯೇ ಇರಲಿ. ಅಮ್ಮನಿಗೆ ಹೇಳಬೇಡ, ಈ ವಯಸ್ಸಿನಲ್ಲಿ ಅವಳ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಬೇಡ. ನಾನು ತಪ್ಪು ಒಪ್ಪಿಕೊಂಡಿದ್ದೇನೆ, ಹೊಟ್ಟೆಗೆ ಹಾಕಿಕೋ.

ಚಿಕ್ಕಮ್ಮ, ಚಿಕ್ಕಪ್ಪನಿಗೆ ಕೇಳಿದೆನೆಂದು ಹೇಳು. ನೀನು ಎಲ್ಲೇ ಇರು, ಚೆನ್ನಾಗಿರು. ದೇವರು ನಿನ್ನನ್ನು ನೂರು ಕಾಲ ಸುಖವಾಗಿಡಲಿ, ನನ್ನ ಪಾಲಿನದನ್ನೂ ನಿನಗೇ ಕೊಡಲಿ.

ಇತಿ,
ನಿನ್ನ ಮುಖ ನೋಡುವ ಧೈರ್ಯವಿಲ್ಲದ
ಅಪ್ಪ

ವಿ.ಸೂ.: ಲಕೋಟೆ ಹುಡುಕಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ನಿಮ್ಮಮ್ಮ ಮೇಜಿನ ಹತ್ತಿರ ಕನ್ನಡಕ ಹಾಕಿಕೊಂಡು ನಿಂತಿದ್ದಳು, ಕೊನೆಯ ಹಾಳೆ ಕೈಯಲ್ಲಿತ್ತು. ನಾನು ಬೈಗುಳಕ್ಕೆ ಕಾದೆ, ಅವಳು ಬೈಯಲೇ ಇಲ್ಲ. ಕುರ್ಚಿಯ ಮೇಲೆ ಕೂತು, “ನಾನೂ ಅವಳಿಗೆ ‘ತಪ್ಪಾಯ್ತು ಅಂದ್ಬಿಡೇ’ ಅಂದಿದ್ನಲ್ರೀ” ಎಂದು ಅತ್ತಳು. ನಿನಗೆ ಹಾಗೆ ಹೇಳಿದ್ದಳೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, “ಬೈದದ್ದು ಊರ ಮುಂದೆ, ತಪ್ಪಾಯ್ತು ಅನ್ನೋದು ಲಕೋಟೆ ಒಳಗಾ?” ಎಂದು ಕೇಳಿದಳು.

ಈಗ ಬ್ಯಾಗು ತುಂಬುತ್ತಿದ್ದಾಳೆ. ಹತ್ತೂವರೆ ಬಸ್ಸಿಗೆ ನಿನ್ನ ಹತ್ತಿರ ಬರುತ್ತಾಳೆ, ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ, ಅವಳ ಕೈಯಲ್ಲೇ ಬರುತ್ತದೆ, ಬಾಗಿಲು ತೆಗೆ. ಹೊಸ ಲಾರಿ ಬೇಡ. ಹಳೆಯದನ್ನೇ ರಿಪೇರಿ ಮಾಡಿಸುತ್ತೇನೆ, ಆರು ವಾರ ಆ ಇಂಜಿನ್ ಅಲ್ಲೇ ಬಿದ್ದಿರಲಿ, ಯಾಕೆ ಸುಟ್ಟಿತು ಎಂದು ಬಂದವರೆಲ್ಲ ಕೇಳಲಿ. ಬಸ್ ನಿಲ್ದಾಣಕ್ಕೆ ಸ್ಟ್ಯಾಂಡಿನ ಮುಂದೆಯೇ ಹೋಗಬೇಕು. ಭಾನುವಾರ, ಮೇಸ್ತ್ರಿ, ತೂಕಡಿಕೆ, ಟೀ ಅಂಗಡಿಯವನು, ಲೋಡು ಕೊಡದವರು, ಎಲ್ಲರೂ ಇರುತ್ತಾರೆ. ಅಲ್ಲಿ ನಿಂತು, ತನ್ನ ಕಣ್ಣೆದುರಿಗೇ, ಬಟ್ಟೆ ಬಿಚ್ಚಿದವನು ನಾನೇ ಎಂದು ಎಲ್ಲರಿಗೂ ಕೇಳುವ ಹಾಗೆ ನಾನು ಹೇಳಬೇಕಂತೆ, ಹೇಳದಿದ್ದರೆ ತಾನು ವಾಪಸ್ ಬರುವುದಿಲ್ಲವಂತೆ. ಕರೆಯುತ್ತಿದ್ದಾಳೆ, ಹೊರಟೆ. ಹೇಳಿದೆನೋ ಇಲ್ಲವೋ ಎಂದು ನನ್ನನ್ನು ಕೇಳಬೇಡ, ನನ್ನ ಮಾತನ್ನು ನೀನು ಯಾಕಾದರೂ ನಂಬಬೇಕು? ನಿಮ್ಮಮ್ಮನನ್ನೇ ಕೇಳು.